ರಾಯಲ್ ಬಾಂಬೆ ಯಾಟ್ ಕ್ಲಬ್

ರಾಯಲ್ ಬಾಂಬೆ ಯಾಟ್ ಕ್ಲಬ್ ಮುಂಬಯಿಯ ಅಪೋಲೊ ಬಂದರಿನಲ್ಲಿ, ಗೇಟ್‌ವೇ ಆಫ್ ಇಂಡಿಯಾ ಸ್ಮಾರಕದ ಸಮೀಪದಲ್ಲಿರುವ ಹಾಯಿದೋಣಿ ವಿಹಾರಿಗಳ ಸಂಘ. 1846ರಲ್ಲಿ ಸ್ಥಾಪನೆಯಾದ ಇದು ಭಾರತದ ಹಳೆಯ ಹಾಗೂ ಪ್ರತಿಷ್ಠಿತ ಕ್ಲಬ್ಬುಗಳಲ್ಲಿ ಒಂದು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಇದರ ಸದಸ್ಯತ್ವವು ಯುರೋಪಿಯನ್ನರಿಗೆ ಮಾತ್ರ ಮೀಸಲಾಗಿತ್ತು. ಕ್ಲಬ್ಬಿನ ಹಳೆಯ ಕಟ್ಟಡವು ಸ್ವಾತಂತ್ರ್ಯಾನಂತರ ಭಾರತದ ಮೂಲವಿಜ್ಞಾನ ಸಂಶೋಧನೆಯ ಆರಂಭಿಕ ನೆಲೆಗಳಲ್ಲಿ ಒಂದಾಯಿತು.

ಹೆಸರು ಮತ್ತು ಹಿನ್ನೆಲೆ

‘ಯಾಟ್’ ಎಂಬುದು ‘ಬೇಟೆ’ ಎಂಬ ಅರ್ಥದ ಡಚ್ ಪದದಿಂದ ಬಂದಿದೆ. ವೇಗವಾಗಿ ಬೆನ್ನಟ್ಟಬಲ್ಲ ಹಗುರ ದೋಣಿಗಳಿಗೆ ಡಚ್ಚರು ಈ ಹೆಸರನ್ನು ಬಳಸುತ್ತಿದ್ದರು. 1660ರಲ್ಲಿ ಆಮ್‌ಸ್ಟರ್‌ಡಾಮ್ ನಗರವು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಇಂಥದೊಂದು ದೋಣಿಯನ್ನು ಉಡುಗೊರೆಯಾಗಿ ನೀಡಿತು. ಅಲ್ಲಿಂದ ಮುಂದೆ ಹಾಯಿದೋಣಿಯಲ್ಲಿ ವಿಹರಿಸುವುದು ಇಂಗ್ಲೆಂಡಿನಲ್ಲಿ ಅರಸರ ಹಾಗೂ ಶ್ರೀಮಂತರ ಹವ್ಯಾಸವಾಗಿ ಬೆಳೆಯಿತು.

ಕನ್ನಡ ಓದುಗರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮ್ಮ ಕರಾವಳಿಯ ಮಂಜಿ, ಮಚ್ವೆ, ಪತ್ತೆಮಾರಿಗಳೂ ಹಾಯಿಯ ಬಲದಿಂದಲೇ ಸಾಗುತ್ತಿದ್ದವು. ಮಂಗಳೂರಿನ ಹೆಂಚು ಇಂಥ ಹಡಗುಗಳಲ್ಲಿ ಹೊರ ಊರುಗಳ ಬಂದರುಗಳಿಗೆ ಹೋಗುತ್ತಿತ್ತು. ಅವು ದುಡಿಯುವ ಹಡಗುಗಳು. ಯಾಟ್ ಎಂಬುದು ಸರಕನ್ನೂ ಹೊರದೆ, ಮೀನನ್ನೂ ಹಿಡಿಯದೆ, ಕೇವಲ ವಿಹಾರಕ್ಕೂ ಪಂದ್ಯಕ್ಕೂ ಇರುವ ದೋಣಿ. ಅದಕ್ಕೆ ಬೇಕಾದ ಹಣ ಮತ್ತು ಬಿಡುವು ಎರಡೂ ಇದ್ದವರು ಎಲ್ಲೆಡೆ ಕೆಲವರೇ ಆಗಿದ್ದುದರಿಂದ ಯಾಟ್ ಕ್ಲಬ್ಬುಗಳು ಮೊದಲಿನಿಂದಲೂ ಆಯ್ದವರ ಕೂಟಗಳಾಗಿ ಉಳಿದವು. ಐರ್ಲೆಂಡಿನ ಕಾರ್ಕ್‌ನ ಕ್ಲಬ್ ತನ್ನ ಮೂಲವನ್ನು 1720ಕ್ಕೆ ಒಯ್ಯುತ್ತದೆ. ಇಂಗ್ಲೆಂಡಿನ ಕೌಸ್‌ನಲ್ಲಿರುವ ರಾಯಲ್ ಯಾಟ್ ಸ್ಕ್ವಾಡ್ರನ್ 1815ರದು. ನ್ಯೂಯಾರ್ಕ್ ಯಾಟ್ ಕ್ಲಬ್ 1844ರದು, ಅಂದರೆ ಮುಂಬಯಿಯದಕ್ಕಿಂತ ಕೇವಲ ಎರಡು ವರ್ಷ ಹಿರಿಯದು. 1851ರಲ್ಲಿ ‘ಅಮೆರಿಕ’ ಎಂಬ ದೋಣಿ ಗೆದ್ದ ಕಪ್ಪನ್ನು ನ್ಯೂಯಾರ್ಕಿನವರು 1983ರವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ.

ಇತಿಹಾಸ

1876ರಲ್ಲಿ ವಿಕ್ಟೋರಿಯಾ ರಾಣಿಯು ‘ರಾಯಲ್’ ಎಂಬ ಬಿರುದನ್ನು ಕ್ಲಬ್ಬಿಗೆ ದಯಪಾಲಿಸಿದಳು. 1880ರ ದಶಕದ ಆರಂಭದಲ್ಲಿ ಸಮುದ್ರದ ಅಂಚಿನಲ್ಲಿ ಕ್ಲಬ್ಬಿನ ಸ್ವಂತ ಕಟ್ಟಡ ಸಿದ್ಧವಾಯಿತು. ಆಗ ಗೇಟ್‌ವೇ ಇರಲಿಲ್ಲ. ಅದು ಪೂರ್ಣಗೊಂಡದ್ದು 1924ರಲ್ಲಿ. ವೈಸ್‌ರಾಯ್‌ಗಳೂ ಗವರ್ನರುಗಳೂ ಹಡಗಿನಿಂದ ಇಳಿಯುತ್ತಿದ್ದುದು ಅಪೋಲೊ ಬಂದರಿನಲ್ಲಿಯೇ ಆದುದರಿಂದ ಕ್ಲಬ್ಬಿನ ಹುಲ್ಲುಹಾಸು ಆಳುವವರ ಸಂಜೆಯ ಕೂಟಕ್ಕೆ ಸಹಜವಾದ ತಾಣವಾಯಿತು. ಮುಂದೆ ಎದುರಿಗೆ ವಸತಿ ಗೃಹಗಳನ್ನು ಕಟ್ಟಲಾಯಿತು. 1896ರಲ್ಲಿ ಆರಂಭವಾದ ಈ ಕಟ್ಟಡದ ವಾಸ್ತುಶಿಲ್ಪಿ ಜಾನ್ ಆಡಮ್ಸ್. ಕ್ಲಬ್ ಈಗ ಇರುವುದು ಇದೇ ಕಟ್ಟಡದಲ್ಲಿ.

ಭಾರತೀಯರು, ಅವರು ಎಷ್ಟೇ ಸಿರಿವಂತರಾಗಿರಲಿ, ಮಹಾರಾಜರೇ ಆಗಿರಲಿ, ಸದಸ್ಯರಾಗುವಂತಿರಲಿಲ್ಲ. ಗವರ್ನರ್ ಲಾರ್ಡ್ ವಿಲಿಂಗ್ಡನ್ ಕರೆತಂದ ಭಾರತೀಯ ಅತಿಥಿಗಳಿಗೂ ಇಲ್ಲಿ ಪ್ರವೇಶ ಸಿಗಲಿಲ್ಲವೆಂದೂ, ಅದರಿಂದ ನೊಂದು ಆತ ಎರಡೂ ಜನಾಂಗದವರು ಸೇರಬಹುದಾದ ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್ಬಿಗೆ ಕಾರಣನಾದನೆಂದೂ ಪ್ರತೀತಿ. ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ. ನಿರ್ಬಂಧ ಇದ್ದುದಂತೂ ನಿಜ. ಸ್ವಾತಂತ್ರ್ಯದ ನಂತರ ಕ್ಲಬ್ ಭಾರತೀಯರಿಗೆ ತೆರೆಯಿತು.

ಹಳೆಯ ಕಟ್ಟಡ ಮತ್ತು ವಿಜ್ಞಾನ

ಹೋಮಿ ಭಾಭಾ ಅವರು 1945ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಮೊದಲು ಪೆದ್ದರ್ ರಸ್ತೆಯ ಬಂಗಲೆಯೊಂದರಲ್ಲಿದ್ದ ಸಂಸ್ಥೆ, ಸ್ಥಳ ಸಾಲದೆ 1949ರಲ್ಲಿ ಯಾಟ್ ಕ್ಲಬ್ಬಿನ ಹಳೆಯ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಜಾ ರಾಮಣ್ಣ ಅವರು ಸಂಸ್ಥೆಯನ್ನು ಸೇರಿದ್ದು ಆ ವರ್ಷವೇ. ಕೆಲವೇ ವರ್ಷಗಳ ಹಿಂದೆ ಭಾರತೀಯರು ಸದಸ್ಯರಾಗಿ ಕಾಲಿಡಲಾಗದಿದ್ದ ಕೊಠಡಿಗಳಲ್ಲಿ ಭಾರತೀಯ ಗಣಿತಜ್ಞರೂ ಭೌತವಿಜ್ಞಾನಿಗಳೂ ಕುಳಿತು ಕೆಲಸ ಮಾಡಿದರು. 1962ರಲ್ಲಿ ಸಂಸ್ಥೆಯ ಕೊಲಾಬಾ ಕಟ್ಟಡ ಉದ್ಘಾಟನೆಯಾಯಿತು. ಹಳೆಯ ಕಟ್ಟಡವು ಪರಮಾಣು ಶಕ್ತಿ ಇಲಾಖೆಯ ವಶದಲ್ಲಿ ಉಳಿಯಿತು.

ಪಂದ್ಯಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆಗಳಿಂದಾಗಿ ದೋಣಿಗಳನ್ನು ನೀರಿನಿಂದ ಮೇಲಕ್ಕೆ ತೆಗೆದಿಡಲಾಗುತ್ತದೆ. ಮಳೆ ಕಳೆದ ಮೇಲೆ ಹಾಯಿ ಬಿಚ್ಚುವ ಕಾಲ. ಮರದ ‘ಸೀಬರ್ಡ್’ ದೋಣಿಗಳು ಈ ಕ್ಲಬ್ಬಿನ ಗುರುತು. ಇತರ ಕ್ಲಬ್ಬುಗಳಲ್ಲಿ ಇರುವಂತೆ ಇಲ್ಲಿಯೂ ಮುಖ್ಯಸ್ಥರನ್ನು ನೌಕಾಪಡೆಯ ಪದವಿಯನ್ನು ಅನುಸರಿಸಿ ‘ಕಮೋಡೋರ್’ ಎಂದು ಕರೆಯುತ್ತಾರೆ.

ಭಾರತದಲ್ಲಿ ಈ ಕ್ರೀಡೆಯನ್ನು ವಿಸ್ತರಿಸಿದ ಹೊಣೆ ಮಾತ್ರ ಬಹುಮಟ್ಟಿಗೆ ಸೇನಾಪಡೆಗಳ ಪಾಲಿಗೆ ಬಂದಿತು. ಸ್ವಂತ ದೋಣಿ ಕೊಳ್ಳಲಾಗದ ತರುಣನೂ ಸೇನೆಯ ದೋಣಿಯಲ್ಲಿ ಕಲಿಯಬಹುದಾಗಿತ್ತು. 1982ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಪಂದ್ಯಗಳು ಮುಂಬಯಿ ಸಮುದ್ರದಲ್ಲಿ ನಡೆದಾಗ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಭಾರತಕ್ಕೆ ಚಿನ್ನ ಗೆದ್ದರು. 1985–87ರಲ್ಲಿ ಭೂಸೇನೆಯ ಎಂಜಿನಿಯರ್ ದಳದವರು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದರು. ಆ ಹೆಸರನ್ನೇ ಹೊತ್ತ ತೃಷ್ಣಾ ಸೇಲಿಂಗ್ ಕ್ಲಬ್ ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಆಶ್ರಯದಲ್ಲಿದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಈ ಕೆರೆಯಲ್ಲಿ ಮಕ್ಕಳು ‘ಆಪ್ಟಿಮಿಸ್ಟ್’ ಎಂಬ ಒಬ್ಬರೇ ಕೂರುವ ಪುಟ್ಟ ದೋಣಿಯಲ್ಲಿ ಗಾಳಿಯ ದಿಕ್ಕನ್ನು ಗುರುತಿಸಲು ಕಲಿಯುತ್ತಾರೆ.