ಕಿಡ್ನಿಯ ನಡುವಿನ ಬಿಳಿ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಕಾರಣ ಅಪ್ಪನ ಕಿಡ್ನಿ.

ಗ್ಯಾಸ್ ಇರಬೇಕು ಅಂದುಕೊಂಡು ಬೈಲಹೊಂಗಲದಲ್ಲಿ ಅಪ್ಪನ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಪರದೆ ತಿರುಗಿಸಿ ತೋರಿಸಿದರು. ಬಲಗಡೆ ಕಿಡ್ನಿ ಅಂದರೆ ಬೂದು ಬಣ್ಣದ ಗೋಡಂಬಿ, ಅದರ ನಡುವೆ ಬೆಳ್ಳಗೆ ಹೊಳೆಯುವ ಭಾಗ. ಎಡಗಡೆಯದರಲ್ಲಿ ಆ ಬಿಳಿಯನ್ನು ಸೀಳಿಕೊಂಡು ಕಪ್ಪು ಕೂತಿತ್ತು. "ಕೆಳಗ ಕಲ್ಲು ಅಡ್ಡ ಕುಂತೈತಿ, ಮೂತ್ರ ಹಿಂದಕ್ಕ ನಿಂತೈತಿ" ಅಂದರು. ಅಪ್ಪ, "ಅಲ್ಲಿ ನನಗ ನೋವೇ ಇಲ್ಲಲ್ರೀ?" ಅಂದ.

ನಡುಭಾಗ ಬೆಳ್ಳಗೆ ಯಾಕೆ? ಅಲ್ಲಿ ಕೊಬ್ಬು, ರಕ್ತನಾಳ, ಮೂತ್ರದ ಕೊಳವೆಗಳು ಒತ್ತೊತ್ತಾಗಿವೆ. ಒಂದೊಂದರ ಅಂಚಿನಿಂದಲೂ ಶಬ್ದ ಪ್ರತಿಧ್ವನಿಸುತ್ತದೆ. ತುಂಬಿ ನಿಂತ ಮೂತ್ರ ಬರೀ ನೀರು, ಪ್ರತಿಧ್ವನಿ ಇಲ್ಲ. ಹಾಗಾಗಿ ಕಪ್ಪು.

ಆ ರಾತ್ರಿ ನಿದ್ದೆ ಬರಲಿಲ್ಲ, ಈ ಯಂತ್ರದ ಇತಿಹಾಸ ಓದುತ್ತಾ ಕೂತೆ. 1950ರ ದಶಕದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಗ್ಲಸ್ ಹೌರಿ ಎಂಬ ವೈದ್ಯ, ಮೂತ್ರಪಿಂಡ ತಜ್ಞ ಜೋಸೆಫ್ ಹೋಮ್ಸ್ ಜೊತೆ ಸೇರಿ, ಬಿ-29 ಬಾಂಬರ್ ವಿಮಾನದ ಗನ್ ತಿರುಗಿಸುವ ಉಂಗುರ ಬಳಸಿ ಸ್ಕ್ಯಾನರ್ ಕಟ್ಟಿದ್ದರಂತೆ. ರೋಗಿ ನೀರಿನ ತೊಟ್ಟಿಯಲ್ಲಿ ಕೂರಬೇಕಿತ್ತು! ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1955ರಲ್ಲಿ, ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರವನ್ನು ದೇಹದ ಗಡ್ಡೆಗಳ ಮೇಲೆ ಪ್ರಯೋಗಿಸಿದರು. ಅವರಿಗೆ ಚರ್ಮದ ಮೇಲೆ ನೇರವಾಗಿ ಆಡಿಸುವ ಸ್ಕ್ಯಾನರ್ ಮಾಡಿಕೊಟ್ಟವನು ಟಾಮ್ ಬ್ರೌನ್, ಇಪ್ಪತ್ತೈದರ ಆಸುಪಾಸಿನ ಇಂಜಿನಿಯರ್. 1958ರ ಲ್ಯಾನ್ಸೆಟ್ ಪ್ರಬಂಧದಲ್ಲಿ ಅವನ ಹೆಸರೂ ಇದೆ. ಆ ವಯಸ್ಸಿನಲ್ಲಿ ನಾನು ಬಗ್ ಫಿಕ್ಸ್ ಮಾಡುತ್ತಿದ್ದೆ :)

ಆದರೆ ಆ ಕಾಲದ ಚಿತ್ರಗಳು ನಮ್ಮ ಭಾಷೆಯಲ್ಲಿ ಒಂದು ಬಿಟ್. ಚುಕ್ಕೆ ಇದೆ ಅಥವಾ ಇಲ್ಲ, ಅಷ್ಟೆ. ಅಂಗದ ಅಂಚು ಕಾಣುತ್ತಿತ್ತು, ಒಳಗಿನ ವಿವರ ಇಲ್ಲ. 1970ರ ದಶಕದ ಆರಂಭದಲ್ಲಿ ಸಿಡ್ನಿಯ ಜಾರ್ಜ್ ಕೊಸಾಫ್ ಮತ್ತು ಸಂಗಡಿಗರು ಪ್ರತಿಧ್ವನಿಯ ಬಲಕ್ಕೆ ತಕ್ಕಂತೆ ಬೂದು ಛಾಯೆಗಳನ್ನು ತೋರಿಸಿದರು. ಕಿಡ್ನಿಯ ಅಂಚು, ತಿರುಳು, ನಡುಭಾಗ ಬೇರೆ ಬೇರೆಯಾಗಿ ಚೆನ್ನಾಗಿ ಕಂಡಿದ್ದು ಆಮೇಲೆ.

ಇಲ್ಲಿಗೆ ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಅಜ್ಜ ನೆನಪಾದ. ನಾನು ನೋಡಿಲ್ಲ, ಅಪ್ಪ ಹೇಳಿದ್ದು. 1976. ಅಜ್ಜನ ಮುಖ, ಕಾಲು ಬಾತಿದ್ದವು. ಸವದತ್ತಿ ಎಲ್ಲಮ್ಮನಿಗೆ ಹರಕೆ ಆಯಿತು, ರಾಮದುರ್ಗದ ಅತ್ತೆ ಕಳಿಸಿದ ಬೇರಿನ ಕಷಾಯ ಆಯಿತು. ಕಡೆಗೆ ಕಿತ್ತೂರಿನ ತನಕ ಬಂದು, ಅಲ್ಲಿಂದ ಹುಬ್ಬಳ್ಳಿ ಬಸ್ಸು. ರಕ್ತನಾಳಕ್ಕೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ಆ ಪರೀಕ್ಷೆಯ ಕಷ್ಟ ಇದು: ಕಿಡ್ನಿ ಆ ಔಷಧಿಯನ್ನು ಸೋಸಿ ಹೊರಹಾಕಿದರೆ ಮಾತ್ರ ಚಿತ್ರ ಮೂಡುತ್ತದೆ. ತೀರಾ ಕೆಟ್ಟ ಕಿಡ್ನಿ ಕಾಣುವುದೇ ಇಲ್ಲ. ಅಜ್ಜನ ಫಿಲ್ಮಿನಲ್ಲಿ ಏನೂ ಮೂಡಲಿಲ್ಲ. ಎರಡು ವಾರಕ್ಕೆ ಹೋದ.

ಅಲ್ಟ್ರಾಸೌಂಡಿಗೆ ಕಿಡ್ನಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಬೇಕಿಲ್ಲ, ಶಬ್ದ ವಾಪಸ್ ಬಂದರೆ ಸಾಕು. ಅಜ್ಜನಿಗೂ ಕಲ್ಲೇ ಇತ್ತು ಅಂತ ನಾನು ಹೇಳಲಾರೆ. ಅಡ್ಡ ಕೂತ ಕಲ್ಲಾಗಿದ್ದರೆ ತೆಗೆಯಬಹುದಿತ್ತೇನೋ, ಅಷ್ಟೆ. ಸಿಡ್ನಿಯಲ್ಲಿ ಆಗಲೇ ಬೂದು ಚಿತ್ರ ಬಂದಿತ್ತು, ಬೈಲಹೊಂಗಲಕ್ಕೆ ಬಂದಿರಲಿಲ್ಲ.

ಅಪ್ಪನ ಕಲ್ಲು ತೆಗೆದಾಗಿದೆ. ಮೊನ್ನೆ ಮತ್ತೆ ಸ್ಕ್ಯಾನ್. ಕಪ್ಪು ಹೆಚ್ಚುಕಮ್ಮಿ ಹೋಗಿ, ಬಿಳಿ ಕೂಡಿಕೊಂಡಿತ್ತು. ಅಪ್ಪ ಪರದೆಯನ್ನೇ ಬಹಳ ಹೊತ್ತು ನೋಡಿದ. ಹೊರಗೆ ಬಂದಮೇಲೆ, "ನಮ್ಮಪ್ಪಂದೂ ಹಿಂಗ ನೋಡಬೇಕಿತ್ತು" ಅಂದ.

ನಿಮ್ಮ ಮನೆಯಲ್ಲೂ ನೋವಿಲ್ಲ ಅಂತ ಸುಮ್ಮನಿರುವವರು ಇರಬಹುದು. ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.