ಯಾಮನಪಲ್ಲಿಯ ನೀಳಕೊರಳು

ನಮ್ಮ ಸೂಲಿಬೆಲೆಯ ಹೊಲಗಳಲ್ಲಿ ಬಾವಿ ತೋಡುವವರಿಗೆ ಮೊದಲು ಕೆಮ್ಮಣ್ಣೂ, ಅದರಡಿಯಲ್ಲಿ ಗೊರಚೂ, ಕಡೆಗೆ ಹಾರೆಗೆ ಜಗ್ಗದ ಹೆಬ್ಬಂಡೆಯೂ ಎದುರಾಗುವುದಲ್ಲದೆ, ಪುರಾತನ ಮೃಗವೊಂದರ ಎಲುಬು ದೊರೆಯುವುದಿಲ್ಲ. ಏಕೆಂದರೆ ಈ ಶಿಲೆಯು ಭೂಗರ್ಭದ ತಾಪದಲ್ಲಿ ಬೆಂದು ಗಟ್ಟಿಗೊಂಡು 250 ಕೋಟಿ ವರ್ಷಗಳಿಗೂ ಮಿಕ್ಕಿದ ಕಾಲ ಸಂದಿದ್ದು, ಆಗ ಎಲುಬುಳ್ಳ ಜೀವಿಯೊಂದೂ ಲೋಕದಲ್ಲಿ ಹುಟ್ಟಿರಲಿಲ್ಲ. ಎಲುಬು ಉಳಿಯಬೇಕಾದರೆ ನದಿ ಬೇಕು. ನದಿ ಹೊತ್ತು ತಂದು ಅದರ ಮೇಲೆ ಹೊದಿಸುವ ಮರಳೂ ಮೆಕ್ಕಲೂ ಬೇಕು.

ಆ ಭಾಗ್ಯ ಒದಗಿದ್ದು ಪ್ರಾಣಹಿತಾ-ಗೋದಾವರೀ ಕಣಿವೆಗೆ. ತೆಲಂಗಾಣದ ಯಾಮನಪಲ್ಲಿಯ ಬಳಿ, ಕೋಟಾ ಎಂಬ ಹೆಸರಿನ ಶಿಲಾಸ್ತರಗಳಿಂದ ಅಗೆದು ತೆಗೆದ, ಕನಿಷ್ಠ ಹನ್ನೆರಡು ಪ್ರಾಣಿಗಳಿಗೆ ಸೇರಿದ ಎಲುಬುಗಳನ್ನು ಪರಿಶೀಲಿಸಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಪಿ. ಯಾದಗಿರಿಯವರು 1988ರಲ್ಲಿ ಆ ನೀಳಕೊರಳಿನ ಡೈನೋಸಾರಿಗೆ ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್ ಎಂದು ನಾಮಕರಣ ಮಾಡಿದರು. ಒಂದು ಹಳ್ಳಿಯ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಹೀಗೆ ಶಾಶ್ವತವಾಗಿ ನಿಂತದ್ದು ನನಗೆ ಸಂತೋಷದ ವಿಷಯ. ಅದೇ ಶಿಲಾಸ್ತರಗಳಲ್ಲಿ, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ 1961ರಲ್ಲಿ ಅಗೆದ ಇನ್ನೂ ದೊಡ್ಡ ಬಂಧುವೊಂದು, ಆ ಕವಿಯ ಹೆಸರನ್ನೇ ಹೊತ್ತು ಬರಪಾಸಾರಸ್ ಟಾಗೋರಿ ಎನಿಸಿದೆ. ಬಂಗಾಳಿಯಲ್ಲಿ ಬರಪಾ ಎಂದರೆ ದೊಡ್ಡ ಕಾಲು.

ಕೋಟಾಸಾರಸ್ ಸುಮಾರು 9 ಮೀಟರ್ ಉದ್ದವಿದ್ದಿತು. ಆದರೆ ಅದರ ಮಹತ್ವ ಗಾತ್ರದಲ್ಲಿಲ್ಲ. ಇದರ ಪೂರ್ವಜರು ಎರಡೇ ಕಾಲುಗಳ ಮೇಲೆ ಓಡಾಡುತ್ತಿದ್ದ ಹಗುರ ಮೈಯ ಜೀವಿಗಳು. ಮುಂದೆ ಬಂದ ಬಂಧುಗಳಾದರೋ ಬೆನ್ನೆಲುಬಿನ ಮಣಿಗಳನ್ನು ಪೊಳ್ಳಾಗಿಸಿಕೊಂಡು, ಆ ಹಗುರತನದ ಬಲದಿಂದಲೇ ಪರ್ವತಾಕಾರಕ್ಕೆ ಬೆಳೆದ ಮಹಾಕಾಯರು. ಇವೆರಡರ ನಡುವೆ ನಿಂತ ಯಾಮನಪಲ್ಲಿಯ ಮೃಗ ನಾಲ್ಕು ಕಾಲುಗಳನ್ನೂರಿ ನಡೆಯಿತಾದರೂ, ಸೊಂಟದಲ್ಲಿಯೂ ತೊಡೆಯೆಲುಬಿನಲ್ಲಿಯೂ ಪೂರ್ವಜರ ಲಕ್ಷಣಗಳನ್ನು ಉಳಿಸಿಕೊಂಡಿತ್ತು. ಅದರ ಬೆನ್ನಿನ ಮಣಿಗಳಲ್ಲಿ ಆ ಪೊಳ್ಳುಗಳು ಇನ್ನೂ ಮೂಡಿರಲಿಲ್ಲ. ವಿಕಾಸವೆಂಬುದು ಒಮ್ಮೆಗೇ ಆದ ನೆಗೆತವಲ್ಲ, ಅಂಗಾಂಗಗಳಲ್ಲಿ ಬೇರೆಬೇರೆ ವೇಗದಲ್ಲಿ ನಡೆದ ಮಾರ್ಪಾಡು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮ್ಮ ದೇಶದಲ್ಲಿ ದುರ್ಲಭ.

ಸುಮಾರು 18 ಕೋಟಿ ವರ್ಷಗಳ ಹಿಂದಿನ ಆ ಕಾಲದಲ್ಲಿ ರಾಗಿಯಾಗಲಿ, ಅದರ ಕುಲಕ್ಕೆ ಸೇರಿದ ಯಾವ ಹುಲ್ಲಾಗಲಿ ಇರಲಿಲ್ಲ. ಜರೀಗಿಡಗಳನ್ನೂ ಸೂಚಿಪರ್ಣಿ ಮರಗಳ ಎಲೆಗಳನ್ನೂ, ನಿಂತಲ್ಲಿಂದಲೇ ಕೊರಳು ಚಾಚಿ ಮೇಯುವುದೇ ಅದರ ಜೀವನಕ್ರಮವಾಗಿದ್ದಿರಬೇಕು.

ಹೈದರಾಬಾದಿಗೆ ಹೋಗುವ ನಮ್ಮ ಸೀಮೆಯವರು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ತಪ್ಪದೆ ಕರೆದೊಯ್ಯಲಿ. ಅಲ್ಲಿ ನಿಲ್ಲಿಸಿರುವ ಕೋಟಾಸಾರಸಿನ ಅಸ್ಥಿಪಂಜರದಲ್ಲಿ ತಲೆಯು ಊಹೆಯಿಂದ ರೂಪಿಸಿದ್ದು; ಅದರ ತಲೆಬುರುಡೆ ಈವರೆಗೆ ದೊರೆತಿಲ್ಲ.