ಚೆಕ್ ಎಂಜಿನ್ ದೀಪ: ಸ್ಪೋರ್ಟ್ಸ್ ಕಾರುಗಳಲ್ಲಿ ಮರುಕಳಿಸುವ ದೋಷದ ಪತ್ತೆ

ಎಂಜಿನ್ ಅಥವಾ ಹೊಗೆ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷ ಕಂಡಾಗ ಮೀಟರ್ ಫಲಕದಲ್ಲಿ ಬೆಳಗುವ ಹಳದಿ ಸೂಚಕವೇ ಚೆಕ್ ಎಂಜಿನ್ ದೀಪ. ಭಾರತದ ಕಾರುಗಳಲ್ಲಿ ಇದನ್ನು ನಿಯಂತ್ರಿಸುವ, ಕಾರು ತನ್ನ ದೋಷವನ್ನು ತಾನೇ ಗುರುತಿಸುವ ಒಬಿಡಿ-2 ವ್ಯವಸ್ಥೆ 2013ರಿಂದ ಕಡ್ಡಾಯ. 2020ರ ಬಿಎಸ್-6 ಹೊಗೆ ಮಿತಿಯ ನಿಯಮ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ಹಲವು ದೋಷಗಳು ಸತತ ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ದೀಪ ಹತ್ತುತ್ತದೆ. ಸಾಮಾನ್ಯವಾಗಿ ಮೂರು ಓಡಾಟಗಳಲ್ಲಿ ಕಾಣದಿದ್ದರೆ ಆರುತ್ತದೆ. ಸ್ಕ್ಯಾನರ್‌ನಿಂದ ದೋಷದ ಕೋಡ್ ಅಳಿಸಿದ ಕಾರಿನಲ್ಲಿ ದೀಪ ಕೆಲ ದಿನ ಬಿಟ್ಟು ಮತ್ತೆ ಹತ್ತಲು ಆ ಎರಡು ಓಡಾಟಗಳ ನಿಯಮವೇ ಕಾರಣ. ಕೋಡ್ ಅಳಿಸುವುದು ರಿಪೇರಿಯಲ್ಲ. ದೋಷ ಕಂಡ ಕ್ಷಣದ ವೇಗ, ಶಾಖ, ಎಂಜಿನ್ ಹೊರೆಗಳ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ. ಪತ್ತೆಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕುಸಿತ ಸೂಚಿಸುವ ಪಿ0420 ಕೋಡ್ ಬಂದರೆ ಆ ಕನ್ವರ್ಟರನ್ನೇ ಬದಲಿಸುವ ಆತುರ ಸಲ್ಲದು. ಎಕ್ಸಾಸ್ಟ್ ಸೋರಿಕೆ, ಸೋತ ಆಕ್ಸಿಜನ್ ಸೆನ್ಸರ್‌ಗಳೂ ಅದೇ ಕೋಡ್ ತರಬಲ್ಲವು. ಅಬ್ಬರದ ಸದ್ದಿಗಾಗಿ ಕನ್ವರ್ಟರ್ ತೆಗೆಸಿದ ಸ್ಪೋರ್ಟ್ಸ್ ಕಾರಿನಲ್ಲಂತೂ ದೀಪ ಮರಳುವುದು ಸಹಜ, ಹಾಗೆ ತೆಗೆಸುವುದು ತಪ್ಪು ಕೂಡ. ಪಿ0300 ಸಿಲಿಂಡರ್‌ಗಳಲ್ಲಿ ಇಂಧನ ಸರಿಯಾಗಿ ಉರಿಯದಿರುವುದರ ಗುರುತು. ಒಂದೇ ಸಿಲಿಂಡರಿನ ಕೋಡ್ ಬಂದರೆ ಆ ಇಗ್ನಿಷನ್ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಬೇಕು; ಕೋಡೂ ಅಲ್ಲಿಗೇ ಹೋದರೆ ತಪ್ಪು ಕಾಯಿಲಿನದೇ.

ಸಿಂಧನೂರು, ಮಸ್ಕಿ, ವಳಕಮದಿನ್ನಿ ಸುತ್ತಿನ ಎರೆಮಣ್ಣಿನ ಊರುಗಳಲ್ಲಿ ದೂಳು ತುಂಬಿದ ಏರ್ ಫಿಲ್ಟರ್, ಮಲಿನಗೊಂಡ ಗಾಳಿಯಳತೆಯ ಸೆನ್ಸರ್‌ಗಳನ್ನು ಮೊದಲೇ ನೋಡುವುದು ಒಳಿತು.

ದೀಪ ಮಿನುಗುತ್ತಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರನ್ನು ಸುಡುತ್ತಿರಬಹುದು. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಬೇಕು.